ಋಷಿಗಳ ಮಾತು ಓದುವಾಗ ಅದು ಯಾರಿಗೆ ಹೇಳಿದ್ದು ಅಂತಲೂ ನೋಡಿ

ಪ್ರಶ್ನೆ: ಜೀವ, ಬ್ರಹ್ಮ ಎರಡೂ ಒಂದೇ ಎನ್ನುವ ಅದ್ವೈತದ ಪುಸ್ತಕಗಳನ್ನು ಕೆಲವು ವರ್ಷಗಳಿಂದ ಓದುತ್ತಿದ್ದೇನೆ. ಓದಿದಷ್ಟೂ ಗೊಂದಲ ಜಾಸ್ತಿ ಆಗುತ್ತಿದೆ. ರಮಣ ಮಹರ್ಷಿಗಳು ‘ನಾನು ಯಾರು’ ಎಂದು ವಿಚಾರ ಮಾಡು ಎನ್ನುತ್ತಾರೆ. ನಿಸರ್ಗದತ್ತ ಮಹಾರಾಜರು ‘ನಾನು ಇದ್ದೇನೆ’ ಎಂಬುದರಲ್ಲೇ ನಿಲ್ಲು ಎನ್ನುತ್ತಾರೆ. ಶಂಕರರಲ್ಲಿ ನೋಡಿದರೆ ಶ್ರವಣ (ಕೇಳುವುದು), ಮನನ (ಯೋಚಿಸಿ ಸಂಶಯ ಕಳೆದುಕೊಳ್ಳುವುದು), ನಿದಿಧ್ಯಾಸನ (ಅದರಲ್ಲೇ ಮನಸ್ಸು ನಿಲ್ಲಿಸುವುದು). ಗೌಡಪಾದರು ಸಾಧಕನೇ ಇಲ್ಲ ಅಂದುಬಿಡುತ್ತಾರೆ. ಇವರೆಲ್ಲ ಹೇಳುವುದು ಒಂದೇನಾ? ‘ನಾನು ಬ್ರಹ್ಮ’ ಎಂದು ದಿನಾ ಅಂದುಕೊಳ್ಳುತ್ತೇನೆ, ಆದರೆ ಸಿಟ್ಟು ಮೊದಲಿನ ಹಾಗೇ ಇದೆ. ಜಗತ್ತೇ ಮಿಥ್ಯೆ ಆದರೆ ಮನೆ, ಕೆಲಸ, ಜವಾಬ್ದಾರಿ ಎಲ್ಲ ಯಾಕೆ? ಎಲ್ಲಿಂದ ಶುರು ಮಾಡಲಿ?

ಉತ್ತರ: ನೀವು ಹೆಸರು ಹೇಳಿದ ನಾಲ್ವರನ್ನೂ ಓದಿದ್ದೀರಿ, ಸಂತೋಷ. ಆದರೆ ಅವರ ಉತ್ತರಗಳನ್ನಷ್ಟೇ ಎತ್ತಿಟ್ಟುಕೊಂಡಿದ್ದೀರಿ. ಆ ಮಾತು ಯಾರಿಗೆ ಹೇಳಿದ್ದು, ಕೇಳಿದವರ ತೊಡಕು ಏನಿತ್ತು ಎನ್ನುವುದು ಬಿಟ್ಟುಹೋಗಿದೆ. ಉಪನಿಷತ್ತುಗಳ ದೊಡ್ಡ ಭಾಗ ಮಾತುಕತೆಯೇ. ಅಪ್ಪ ಮಗನಿಗೆ ಹೇಳಿದ್ದು, ಗಂಡ ಹೆಂಡತಿಗೆ ಹೇಳಿದ್ದು, ಗುರು ಶಿಷ್ಯನಿಗೆ ಹೇಳಿದ್ದು. ಕೇಳಿದವರನ್ನು ತೆಗೆದುಬಿಟ್ಟರೆ ಒಂದು ಮಾತು ಇನ್ನೊಂದಕ್ಕೆ ವಿರುದ್ಧ ಅನಿಸುತ್ತದೆ. ಕೇಳಿದವರ ಸಮೇತ ಓದಿ ನೋಡಿ. ಅರ್ಧ ಗೊಂದಲ ಅಲ್ಲೇ ಕಳೆಯುತ್ತದೆ.

ಛಾಂದೋಗ್ಯ ಉಪನಿಷತ್ತಿನ 6ನೇ ಅಧ್ಯಾಯ ತೆಗೆದುಕೊಳ್ಳಿ. ‘ತತ್ತ್ವಮಸಿ’, ಅಂದರೆ ಅದೇ ನೀನು, ಎಂಬ ಮಾತು ಇರುವುದು ಇಲ್ಲೇ. ಶ್ವೇತಕೇತು 12ನೇ ವಯಸ್ಸಿಗೆ ಗುರುಕುಲಕ್ಕೆ ಹೋದ. 24ಕ್ಕೆ ವೇದಗಳನ್ನೆಲ್ಲ ಕಲಿತು ಮನೆಗೆ ಬಂದ. ಜೊತೆಗೆ ಬಿಗುಮಾನವನ್ನೂ ಹೊತ್ತು ತಂದ. ತಂದೆ ಉದ್ದಾಲಕ ಆರುಣಿ ಅವನನ್ನು ಗದರಲಿಲ್ಲ. ‘ಯಾವುದನ್ನು ತಿಳಿದರೆ ಕೇಳದೇ ಇದ್ದದ್ದೂ ಕೇಳಿದಂತೆ ಆಗುತ್ತದೋ, ಆ ಉಪದೇಶವನ್ನು ಗುರುಗಳ ಹತ್ತಿರ ಕೇಳಿದೆಯಾ’ ಎಂದ. ‘ಅದು ಅವರಿಗೆ ಗೊತ್ತಿರಲಿಕ್ಕಿಲ್ಲ, ಗೊತ್ತಿದ್ದರೆ ನನಗೆ ಹೇಳದೆ ಇರುತ್ತಿದ್ದರಾ? ನೀವೇ ಹೇಳಿ’ ಎಂದ ಮಗ.

ಆಮೇಲೆ ಅಪ್ಪ ಏನು ಮಾಡಿದ ನೋಡಿ. 15 ದಿನ ಊಟ ಬಿಡು, ಬರೀ ನೀರು ಕುಡಿ ಎಂದ. ಅದಾದ ಮೇಲೆ ವೇದ ಹೇಳು ಅಂದರೆ ಮಗನಿಗೆ ಏನೂ ನೆನಪಿಗೆ ಬರಲಿಲ್ಲ. ಹೋಗಿ ಊಟ ಮಾಡು ಎಂದ. ಉಂಡು ಬಂದ ಮೇಲೆ ಕೇಳಿದ್ದಕ್ಕೆಲ್ಲ ಉತ್ತರ ಬಂತು. ಪಾಂಡಿತ್ಯ, ಮನಸ್ಸು ಎಲ್ಲ ಅನ್ನದ ಮೇಲೆ ನಿಂತಿದೆ ಎಂದು ವಾದ ಮಾಡುತ್ತ ಕೂರಲಿಲ್ಲ, ಮಗನ ಮೈಮೇಲೇ ತೋರಿಸಿಕೊಟ್ಟ. ಇನ್ನೊಂದು ಸಲ ರಾತ್ರಿ ನೀರಿಗೆ ಉಪ್ಪು ಹಾಕಿಸಿದ. ಬೆಳಿಗ್ಗೆ ಆ ಉಪ್ಪನ್ನು ತೆಗೆದುಕೊಡು ಎಂದ. ತಡಕಾಡಿದರೂ ಸಿಗಲಿಲ್ಲ. ಈ ಬದಿಯಿಂದ ಒಂದು ಗುಟುಕು ಕುಡಿ, ಹೇಗಿದೆ? ಉಪ್ಪು. ನಡುವಿನಿಂದ? ಉಪ್ಪು. ಆ ಬದಿಯಿಂದ? ಉಪ್ಪು. ಕಣ್ಣಿಗೆ ಕಾಣದಿದ್ದರೂ ಇಲ್ಲೇ ಇತ್ತು ಅಲ್ವಾ, ಹಾಗೆಯೇ ಎಲ್ಲಕ್ಕೂ ಮೂಲವಾದ ‘ಸತ್’, ಅಂದರೆ ಇರವು, ಕೂಡ ಇಲ್ಲೇ ಇದೆ, ಅದೇ ನೀನು ಎಂದ.

ಈ ಮಾತನ್ನು ಅವನು ಒಂದು ಸಲ ಹೇಳಿ ಎದ್ದು ಹೋಗಲಿಲ್ಲ. 9 ಸಲ ಹೇಳಿದ. ಮಧ್ಯೆ ಮಧ್ಯೆ ಮಗ ‘ಇನ್ನೊಮ್ಮೆ ತಿಳಿಸಿ’ ಅನ್ನುತ್ತಾನೆ, ಅಪ್ಪ ‘ಆಗಲಿ ಮಗು’ ಅನ್ನುತ್ತಾನೆ, ಮತ್ತೆ ಹೊಸ ಉದಾಹರಣೆ. ಇಡೀ ಅಧ್ಯಾಯದಲ್ಲಿ ನನಗೆ ಅತ್ಯಂತ ಪ್ರೀತಿಯ ಮಾತು ಈ ‘ಇನ್ನೊಮ್ಮೆ ತಿಳಿಸಿ’. ಶ್ವೇತಕೇತು ಆ ವಾಕ್ಯವನ್ನು ಜಪ ಮಾಡಲಿಲ್ಲ, ಗೊತ್ತಾಯಿತು ಅಂತಲೂ ಒಪ್ಪಿಕೊಳ್ಳಲಿಲ್ಲ. ಉಳಿದುಕೊಂಡ ಸಂಶಯಕ್ಕಾಗಿ ಮತ್ತೆ ಕೇಳಿದ. ಒಂದೊಂದು ಸಲವೂ ಅವನ ಮನಸ್ಸಿನಲ್ಲಿ ಏನು ಸಂಶಯ ಇತ್ತು ಎಂದು ಶಂಕರರು ಭಾಷ್ಯದಲ್ಲಿ ಬಿಡಿಸಿ ಹೇಳುತ್ತಾರೆ. ನೀವು ‘ನಾನು ಬ್ರಹ್ಮ’ ಎಂದು ದಿನಾ ಅಂದುಕೊಳ್ಳುತ್ತೀರಲ್ಲ, ಅದನ್ನು ಇದರ ಪಕ್ಕದಲ್ಲಿಟ್ಟು ನೋಡಿ. ನಿಮ್ಮ ಸಂಶಯಗಳು ಯಾವುವು ಎಂದು ನೀವಿನ್ನೂ ಎಣಿಸಿಲ್ಲ.

ಮೈತ್ರೇಯಿಯ ತೊಡಕು ಬೇರೆ. ಬೃಹದಾರಣ್ಯಕದಲ್ಲಿ ಯಾಜ್ಞವಲ್ಕ್ಯ ಮನೆ ಬಿಟ್ಟು ಹೊರಡುವ ಮುನ್ನ ಆಸ್ತಿಯನ್ನು ಇಬ್ಬರು ಹೆಂಡತಿಯರಿಗೆ ಹಂಚಲು ನೋಡುತ್ತಾನೆ. ಕಾತ್ಯಾಯನಿ ಏನೂ ಹೇಳುವುದಿಲ್ಲ. ಮೈತ್ರೇಯಿ ಮಾತ್ರ, ಭೂಮಿ ತುಂಬ ಹಣ ಇದ್ದರೂ ಅದರಿಂದ ನಾನು ಸಾವನ್ನು ದಾಟುತ್ತೇನಾ ಎಂದು ಕೇಳುತ್ತಾಳೆ. ಇಲ್ಲ, ಅನುಕೂಲಸ್ಥರ ಹಾಗೆ ಬದುಕುತ್ತೀಯ ಅಷ್ಟೇ ಎಂದು ಅವನು ನೇರವಾಗಿ ಹೇಳುತ್ತಾನೆ. ಹಾಗಾದರೆ ಅದನ್ನು ತೆಗೆದುಕೊಂಡು ಏನು ಮಾಡಲಿ ಎನ್ನುತ್ತಾಳೆ ಅವಳು. ಆಗ ಅವನು ಮಾತು ಶುರು ಮಾಡುವುದು ಪ್ರೀತಿಯಿಂದ. ಗಂಡನಾಗಲಿ, ಹೆಂಡತಿಯಾಗಲಿ, ಮಕ್ಕಳಾಗಲಿ, ಹಣವಾಗಲಿ ನಮಗೆ ಪ್ರಿಯವಾಗುವುದು ಆತ್ಮನ ಸಲುವಾಗಿ, ಆದ್ದರಿಂದ ಆ ಆತ್ಮವನ್ನೇ ಕಾಣಬೇಕು, ಕೇಳಬೇಕು, ಮನನ ಮಾಡಬೇಕು, ನಿದಿಧ್ಯಾಸನ ಮಾಡಬೇಕು ಎನ್ನುತ್ತಾನೆ. ನೀವು ಶಂಕರರ ಹೆಸರಿನಲ್ಲಿ ಬರೆದ ಮೂರು ಮೆಟ್ಟಿಲುಗಳು ಹುಟ್ಟಿದ್ದು ಈ ಗಂಡ ಹೆಂಡತಿಯ ಮಾತಿನಲ್ಲಿ. ಕೊನೆಗೆ, ದೇಹ ಬಿಟ್ಟ ಮೇಲೆ ಬೇರೆಯಾಗಿ ಅರಿವು ಅಂತ ಇರುವುದಿಲ್ಲ ಎಂದಾಗ ಮೈತ್ರೇಯಿ ‘ನನ್ನನ್ನು ಗೊಂದಲಕ್ಕೆ ಕೆಡವಿದಿರಿ’ ಎಂದು ಎದುರು ಹೇಳುತ್ತಾಳೆ. ಯಾಜ್ಞವಲ್ಕ್ಯ ಬೇಜಾರು ಮಾಡಿಕೊಳ್ಳುವುದಿಲ್ಲ. ಎರಡು ಇದ್ದ ಕಡೆ ಒಬ್ಬ ಇನ್ನೊಂದನ್ನು ನೋಡುತ್ತಾನೆ, ಎಲ್ಲವೂ ಆತ್ಮವೇ ಆದ ಕಡೆ ಯಾರು ಯಾರನ್ನು ನೋಡಬೇಕು, ತಿಳಿಯುವವನನ್ನೇ ಯಾವುದರಿಂದ ತಿಳಿಯುವುದು ಎಂದು ಮತ್ತೆ ವಿವರಿಸುತ್ತಾನೆ.

ಈಗ ನಿಮ್ಮ ‘ನಾನು ಯಾರು’ಗೆ ಬರೋಣ. ಇದು ರಮಣರ ಹೊಸ ವಿಧಾನ, ಶಂಕರರದು ಹಳೆಯದು ಎಂದು ತುಂಬ ಜನ ಅಂದುಕೊಂಡಿದ್ದಾರೆ. ಶಂಕರರ ಉಪದೇಶಸಾಹಸ್ರಿಯ ಗದ್ಯಭಾಗದ ಶುರುವಿನಲ್ಲೇ ಗುರು ಶಿಷ್ಯನನ್ನು ‘ನೀನು ಯಾರಪ್ಪ’ ಎಂದು ಕೇಳುತ್ತಾನೆ. ಶಿಷ್ಯ, ನಾನು ಇಂಥ ವಂಶದ ಬ್ರಾಹ್ಮಣನ ಮಗ, ಬ್ರಹ್ಮಚಾರಿಯಾಗಿದ್ದೆ, ಈಗ ಸಂನ್ಯಾಸಿ, ಸಂಸಾರ ಸಾಗರ ದಾಟಬೇಕು ಎನ್ನುತ್ತಾನೆ. ಗುರುವಿನ ಉತ್ತರ ಕಠಿಣವಾಗಿದೆ. ನೀನು ಸತ್ತರೆ ಈ ಮೈಯನ್ನು ಇಲ್ಲೇ ಹಕ್ಕಿಗಳು ತಿನ್ನುತ್ತವೆ, ಇಲ್ಲವೇ ಮಣ್ಣಾಗುತ್ತದೆ, ನೀನು ಹೇಗೆ ದಾಟುತ್ತೀಯ? ಶಿಷ್ಯ ಬೆಚ್ಚಿ, ನಾನು ದೇಹಕ್ಕಿಂತ ಬೇರೆ ಎನ್ನುತ್ತಾನೆ. ಹಾಗಾದರೆ ವಂಶ, ಜಾತಿ, ಆಶ್ರಮ ಎಲ್ಲ ಯಾಕೆ ಹೇಳಿದೆ ಎಂದು ಗುರು ಅಲ್ಲಿಂದ ಮಾತು ಮುಂದುವರಿಸುತ್ತಾನೆ.

ರಮಣರದೂ ಇದೇ ದಾರಿ, ಕೇಳಿದವರು ಬೇರೆ ಅಷ್ಟೇ. ರಮಣರಿಗೆ ಶಾಸ್ತ್ರದ ಓದು ಬಂದದ್ದು ಆಮೇಲೆ. 1896ರ ಜುಲೈನಲ್ಲಿ, 16ನೇ ವಯಸ್ಸಿಗೆ, ಮಧುರೆಯ ಮನೆಯಲ್ಲಿ ಇದ್ದಕ್ಕಿದ್ದಂತೆ ಸಾವಿನ ಭಯ ಹಿಡಿಯಿತು. ಹೆಣದ ಹಾಗೆ ಮಲಗಿ, ಈ ದೇಹ ಸತ್ತರೆ ನಾನು ಸತ್ತೆನಾ ಎಂದು ಒಳಗೇ ನೋಡಿದರು. ಅದೇ ವರ್ಷ ಸೆಪ್ಟೆಂಬರ್ 1ರಂದು ತಿರುವಣ್ಣಾಮಲೈಗೆ ಬಂದರು. 1950ರ ಏಪ್ರಿಲ್ 14ರಂದು ದೇಹ ಬಿಡುವವರೆಗೂ ಅಲ್ಲೇ ಇದ್ದರು. 1901–02ರ ಸುಮಾರಿಗೆ ಶಿವಪ್ರಕಾಶಂ ಪಿಳ್ಳೈ ಎಂಬ ಕಂದಾಯ ಇಲಾಖೆಯ ನೌಕರರು ಬಂದು ‘ನಾನು ಯಾರು’ ಎಂದು ಕೇಳಿದರು. ರಮಣರು ಆಗ ಮಾತಾಡುತ್ತಿರಲಿಲ್ಲ, ಬರೆದು ಉತ್ತರ ಕೊಟ್ಟರು. ಆ ಪ್ರಶ್ನೋತ್ತರವೇ ‘ನಾನ್ ಯಾರ್’ ಎಂಬ ಸಣ್ಣ ಪುಸ್ತಕ. ಅದರಲ್ಲಿ ಕೆಲಸ ಬಹಳ ಸರಳವಾಗಿದೆ. ಒಂದು ಯೋಚನೆ ಎದ್ದಿತು. ಇದು ಯಾರಿಗೆ ಬಂತು? ನನಗೆ. ಆ ನಾನು ಯಾರು? ಇಲ್ಲಿ ಬಾಯಲ್ಲಿ ಹೇಳುವ ಉತ್ತರ ಯಾವುದೂ ಬೇಡ. ಗಮನ ಯೋಚನೆಯ ಹಿಂದೆ ಓಡುವುದನ್ನು ಬಿಟ್ಟು, ಯೋಚನೆ ಎದ್ದ ಕಡೆಗೆ ತಿರುಗಬೇಕು, ಅಷ್ಟೇ. ‘ನಾನು ಯಾರು, ನಾನು ಯಾರು’ ಎಂದು ಮಂತ್ರದ ಹಾಗೆ ಹೇಳಿಕೊಳ್ಳುವವರನ್ನು ಅವರು ತಿದ್ದುತ್ತಿದ್ದರು. ಈ ವಿಚಾರ ಆಗದವರಿಗೆ ಶರಣಾಗತಿಯನ್ನೂ ಹೇಳುತ್ತಿದ್ದರು.

ನಿಸರ್ಗದತ್ತ ಮಹಾರಾಜರ ಬೇರು ನಮ್ಮ ವಿಜಯಪುರ ಜಿಲ್ಲೆಯಲ್ಲೇ ಇದೆ. ಅವರ ಗುರು ಸಿದ್ಧರಾಮೇಶ್ವರ ಮಹಾರಾಜರು, ಅವರ ಗುರು ಇಂಚಗೇರಿಯ ಭಾವೂಸಾಹೇಬ್ ಮಹಾರಾಜರು. ನಿಂಬಾಳದ ಗುರುದೇವ ರಾನಡೆಯವರೂ ಭಾವೂಸಾಹೇಬರ ಶಿಷ್ಯರೇ. ಭಾವೂಸಾಹೇಬರು ಒತ್ತು ಕೊಟ್ಟದ್ದು ನಾಮಸ್ಮರಣೆ, ಧ್ಯಾನಕ್ಕೆ. ಅದು ಪಿಪೀಲಿಕಾ ಮಾರ್ಗ, ಇರುವೆಯ ದಾರಿ. ಸಿದ್ಧರಾಮೇಶ್ವರರು ವಿಚಾರದ ದಾರಿಗೆ ಒತ್ತು ಕೊಟ್ಟರು. ಅದು ವಿಹಂಗಮ ಮಾರ್ಗ, ಹಕ್ಕಿಯ ದಾರಿ. ನಿಸರ್ಗದತ್ತರು ಮುಂಬೈಯಲ್ಲಿ ಬೀಡಿ ಅಂಗಡಿ ಇಟ್ಟುಕೊಂಡಿದ್ದ ಸಂಸಾರಿ. 1933ರಲ್ಲಿ ಗುರುಗಳನ್ನು ಕಂಡರು, 1936ರಲ್ಲಿ ಗುರು ತೀರಿಕೊಂಡರು. ಆ ಸ್ವಲ್ಪ ಕಾಲದಲ್ಲಿ ಗುರು ಕೊಟ್ಟ ಒಂದು ಮಾತನ್ನು ಹಿಡಿದರು. ‘ನಾನು ಇದ್ದೇನೆ’ ಎಂಬ ಅರಿವಿಗೆ ಬೇರೇನೂ ಸೇರಿಸದೆ ಅದರಲ್ಲೇ ಇರು. ಹೆಸರು, ಕೆಲಸ, ಸಂಬಂಧ ಎಲ್ಲ ಆಮೇಲೆ ಅಂಟಿಕೊಂಡದ್ದು. ಕೊನೆಯ ವರ್ಷಗಳ ಮಾತುಕತೆಯಲ್ಲಿ ಆ ‘ಇದ್ದೇನೆ’ಯನ್ನೂ ದಾಟಬೇಕು ಎಂದರು. ಇಷ್ಟೆಲ್ಲ ಹೇಳುತ್ತಲೇ, ಪರಂಪರೆಯಿಂದ ಬಂದ ಭಜನೆಯನ್ನು ತಮ್ಮ ಮನೆಯ ಅಟ್ಟದ ಕೋಣೆಯಲ್ಲಿ ತಪ್ಪದೆ ನಡೆಸಿಕೊಂಡು ಬಂದರು. ಅವರ ಹೆಸರಿನಲ್ಲಿ ‘ಏನೂ ಮಾಡಬೇಕಿಲ್ಲ’ ಎಂದು ಹೇಳುವವರು ಈ ಭಜನೆಯ ವಿಷಯ ಎತ್ತುವುದು ಕಡಿಮೆ.

ಹಾಗಾದರೆ ಎಲ್ಲರೂ ಹೇಳುವುದು ಒಂದೇನಾ? ಎಲ್ಲಿಗೆ ತಲುಪಬೇಕು ಎಂಬುದರಲ್ಲಿ ಒಂದೇ. ನೋಡುವವನ ಕಡೆ ತಿರುಗು ಎನ್ನುವುದೂ ಒಂದೇ. ಉಳಿದದ್ದರಲ್ಲಿ ನಿಜವಾದ ಭಿನ್ನಾಭಿಪ್ರಾಯಗಳಿವೆ, ಅವನ್ನು ಮುಚ್ಚಿಡಬಾರದು. ಶಂಕರರ ನಂತರ ಭಾಮತಿ, ವಿವರಣ ಎಂದು ಎರಡು ಕವಲುಗಳಾದವು. ಅವಿದ್ಯೆ, ಅಂದರೆ ಅಜ್ಞಾನ, ಇರುವುದು ಜೀವನಲ್ಲೋ ಬ್ರಹ್ಮದಲ್ಲೋ, ‘ತತ್ತ್ವಮಸಿ’ಯಂಥ ಮಹಾವಾಕ್ಯ ಕೇಳಿದರೆ ಅದರಿಂದಲೇ ನೇರ ಅರಿವು ಬರುತ್ತದೋ ಧ್ಯಾನದಿಂದ ಪಳಗಿದ ಮನಸ್ಸೂ ಬೇಕೋ ಎಂದು ದೊಡ್ಡ ಚರ್ಚೆ ನಡೆಯಿತು. ಹೊಳೆನರಸೀಪುರದ ಸಚ್ಚಿದಾನಂದೇಂದ್ರ ಸರಸ್ವತಿ ಸ್ವಾಮಿಗಳು ಈ ಎರಡೂ ಕವಲುಗಳ ಮೂಲಾವಿದ್ಯೆಯ ಕಲ್ಪನೆ, ಅಂದರೆ ಅವಿದ್ಯೆ ಎಲ್ಲ ತಪ್ಪುತಿಳಿವಿಗೂ ಕಾರಣವಾದ ಒಂದು ಶಕ್ತಿ ಎನ್ನುವುದು, ಶಂಕರರದಲ್ಲ ಎಂದು ಜೀವನವಿಡೀ ವಾದಿಸಿದರು. ಅವಿದ್ಯೆ ಎಂದರೆ ಒಂದನ್ನು ಇನ್ನೊಂದು ಅಂದುಕೊಳ್ಳುವ ಅಧ್ಯಾಸವೇ, ಬೇರೇನೂ ಅಲ್ಲ ಎನ್ನುವುದು ಅವರ ನಿಲುವು. ಶಂಕರರು ಬ್ರಹ್ಮಸೂತ್ರಕ್ಕೆ ಬರೆದ ಭಾಷ್ಯದ ಪೀಠಿಕೆ ಓದಿದಾಗ ನನಗೂ ಅವರ ಮಾತೇ ಸರಿ ಅನಿಸುತ್ತದೆ. ಆದರೆ ಈ ಚರ್ಚೆ ಈಗ ನಿಮಗೆ ಬೇಡ.

ಗೌಡಪಾದರ ಮಾತನ್ನು ಬೇರೆ ಇಟ್ಟೇ ನೋಡಬೇಕು. ಮಾಂಡೂಕ್ಯ ಉಪನಿಷತ್ತಿನಲ್ಲಿ ಇರುವುದು 12 ಮಂತ್ರ. ಅದರ ಮೇಲೆ ಅವರು ಬರೆದ ಕಾರಿಕೆಗಳು, ಅಂದರೆ ವಿವರಣೆಯ ಶ್ಲೋಕಗಳು, 215, ನಾಲ್ಕು ಪ್ರಕರಣಗಳಲ್ಲಿ. ಹುಟ್ಟೂ ಇಲ್ಲ, ಲಯವೂ ಇಲ್ಲ, ಬದ್ಧನೂ ಇಲ್ಲ, ಸಾಧಕನೂ ಇಲ್ಲ ಎಂಬ ಮಾತು ಬರುವುದು ಎರಡನೇ ಪ್ರಕರಣದ ಕೊನೆಯ ಹೊತ್ತಿಗೆ. ಅದಕ್ಕೆ ಮೊದಲು ಎಚ್ಚರ, ಕನಸು, ನಿದ್ದೆ ಮೂರನ್ನೂ ಒಂದೊಂದಾಗಿ ಪರೀಕ್ಷೆ ಮಾಡಿ, ಮೂರನ್ನೂ ಅರಿಯುವ ತುರೀಯವನ್ನು ತೋರಿಸಿರುತ್ತಾರೆ. ಆ ಪರೀಕ್ಷೆ ಮಾಡದೆ ಬರೀ ಕೊನೆಯ ಸಾಲು ಹಿಡಿದುಕೊಂಡರೆ, ‘ಸಾಧಕನೇ ಇಲ್ಲ’ ಎನ್ನುವವನು ಒಳಗೆ ಗಟ್ಟಿಯಾಗಿ ಕೂತೇ ಇರುತ್ತಾನೆ.

ಇನ್ನು ಮಿಥ್ಯೆ. ಜಗತ್ತು ಇಲ್ಲವೇ ಇಲ್ಲ ಎಂದು ಶಂಕರರು ಹೇಳಿದ್ದಾರೆ ಅಂದುಕೊಂಡವರು ಬ್ರಹ್ಮಸೂತ್ರದ 2ನೇ ಅಧ್ಯಾಯ, 2ನೇ ಪಾದದ 28ನೇ ಸೂತ್ರದ ಭಾಷ್ಯ ನೋಡಬೇಕು. ಹೊರಗಿನ ವಸ್ತುಗಳೇ ಇಲ್ಲ, ಇರುವುದು ಮನಸ್ಸಿನ ಅರಿವು ಮಾತ್ರ ಎಂದು ಹೇಳುವ ಬೌದ್ಧ ವಿಜ್ಞಾನವಾದಿಗಳನ್ನು ಅಲ್ಲಿ ಅವರು ಎದುರಿಸುತ್ತಾರೆ. ವಸ್ತು ಕಾಣುತ್ತಿದೆಯಲ್ಲ, ಇಲ್ಲ ಎನ್ನುವುದು ಹೇಗೆ? ಊಟ ಮಾಡುತ್ತ, ತೃಪ್ತಿಯನ್ನೂ ಅನುಭವಿಸುತ್ತ, ನಾನು ಉಣ್ಣುತ್ತಿಲ್ಲ, ನನಗೆ ತೃಪ್ತಿಯೂ ಆಗುತ್ತಿಲ್ಲ ಎಂದರೆ ಅಂಥವನ ಮಾತನ್ನು ಯಾರು ಒಪ್ಪುತ್ತಾರೆ ಎನ್ನುವುದು ಅವರ ವಾದ. ಮುಂದಿನ ಸೂತ್ರದಲ್ಲೇ, ಎಚ್ಚರದ ಅನುಭವ ಕನಸಿನ ಹಾಗಲ್ಲ ಎಂದೂ ಹೇಳುತ್ತಾರೆ. ಜಗತ್ತು ಕಾಣುತ್ತದೆ, ಕೆಲಸಕ್ಕೆ ಬರುತ್ತದೆ, ಅದರಲ್ಲಿ ವ್ಯವಹಾರ ನಡೆಯುತ್ತದೆ. ಆದರೆ ಬ್ರಹ್ಮವನ್ನು ಬಿಟ್ಟು ತನ್ನಷ್ಟಕ್ಕೆ ತಾನೇ ನಿಲ್ಲುವ ಶಕ್ತಿ ಅದಕ್ಕಿಲ್ಲ. ಶಂಕರರ ಮಿಥ್ಯೆ ಇಷ್ಟೇ. ಜವಾಬ್ದಾರಿ ತಪ್ಪಿಸಿಕೊಳ್ಳಲು ಇದರಲ್ಲಿ ಜಾಗ ಎಲ್ಲಿದೆ? ಮಿಥ್ಯೆ ಎಂದು ಕೆಲಸ ಬಿಡುವವನು ಊಟವನ್ನೂ ಸಂಬಳವನ್ನೂ ಮಿಥ್ಯೆ ಎಂದು ಬಿಡುವುದಿಲ್ಲ. ಮನೆ ಬಿಡುತ್ತೇನೆ ಎಂದು ಬಂದ ಎಷ್ಟೋ ಜನರಿಗೆ ರಮಣರು, ಬಿಡಬೇಕಾದದ್ದು ‘ನಾನು ಮಾಡುತ್ತಿದ್ದೇನೆ’ ಎಂಬ ಭಾವ, ಮನೆಯನ್ನಲ್ಲ ಎಂದು ತಿಳಿಹೇಳಿ ವಾಪಸ್ ಕಳಿಸಿದ್ದಾರೆ. ಅವರೇ ಬೆಳಗಿನ ಜಾವ ಎದ್ದು ಆಶ್ರಮದ ಅಡುಗೆಮನೆಯಲ್ಲಿ ತರಕಾರಿ ಹೆಚ್ಚುತ್ತಿದ್ದರು. 1922ರಲ್ಲಿ ತಾಯಿ ತೀರಿಕೊಳ್ಳುವಾಗ ಕೊನೆಯ ಉಸಿರಿನ ತನಕ ಪಕ್ಕದಲ್ಲೇ ಕೂತಿದ್ದರು.

ನಿಮ್ಮ ಪತ್ರದಲ್ಲಿ ಅತ್ಯಂತ ಪ್ರಾಮಾಣಿಕವಾದ ಸಾಲು ಸಿಟ್ಟಿನದು. ಅದಕ್ಕೆ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಶಂಕರರು ಅಧ್ಯಾಸಭಾಷ್ಯದಲ್ಲಿ, ಅಂದರೆ ನಾನು ಆಗಲೇ ಹೇಳಿದ ಆ ಪೀಠಿಕೆಯಲ್ಲಿ, ಒಂದು ಹಸುವಿನ ಉದಾಹರಣೆ ಕೊಡುತ್ತಾರೆ. ಕೋಲು ಎತ್ತಿಕೊಂಡು ಬರುವವನನ್ನು ಕಂಡರೆ ಹಸು ಓಡುತ್ತದೆ, ಕೈಯಲ್ಲಿ ಹಸಿರು ಹುಲ್ಲು ಹಿಡಿದವನನ್ನು ಕಂಡರೆ ಹತ್ತಿರ ಬರುತ್ತದೆ. ಕತ್ತಿ ಎತ್ತಿ ಕೂಗಾಡುವ ಗಟ್ಟಿಗನನ್ನು ಕಂಡಾಗ ತಿಳಿದವರೂ ಹೀಗೇ ಮಾಡುತ್ತಾರೆ ಎನ್ನುತ್ತಾರೆ. ಮಗನಿಗೋ ಹೆಂಡತಿಗೋ ಏನಾದರೂ ಆದರೆ ನನಗೇ ಆಯಿತು ಎನ್ನುತ್ತೇವೆ. ಮೈ ದಪ್ಪ ಆದರೆ ನಾನು ದಪ್ಪ. ಕಿವಿ ಕೇಳದಿದ್ದರೆ ನಾನು ಕಿವುಡ. ಮನಸ್ಸಿನಲ್ಲಿ ಆಸೆ ಎದ್ದರೆ ನನಗೆ ಆಸೆ. ಹೊರಗಿನಿಂದ ಒಳಗಿನವರೆಗೆ ಒಂದೊಂದೇ ಪದರ ಹೀಗೆ ಬಿಡಿಸಿ ತೋರಿಸುತ್ತಾರೆ. ಸಿಟ್ಟು ಈ ಕೊನೆಯ ಪದರದ್ದು. ‘ನನಗೆ ಸಿಟ್ಟು ಬಂತು’ ಎನ್ನುವಾಗ ಸಿಟ್ಟೂ ಗೊತ್ತಾಗುತ್ತಿದೆ, ಅದು ಏರಿದ್ದೂ ಇಳಿದದ್ದೂ ಗೊತ್ತಾಗುತ್ತಿದೆ. ಹಾಗೆ ಗೊತ್ತಾಗುತ್ತಿರುವುದು ಯಾರಿಗೆ? ಇದನ್ನು ಸಿಟ್ಟು ಬಂದ ಹೊತ್ತಿನಲ್ಲೇ ನೋಡಬೇಕು. ಪೂಜೆಯ ಕೋಣೆಯಲ್ಲಿ ಕೂತು ‘ನಾನು ಬ್ರಹ್ಮ’ ಅಂದುಕೊಂಡರೆ ಅದು ಸಿಟ್ಟಿನ ತನಕ ತಲುಪುವುದಿಲ್ಲ.

14ನೇ ಶತಮಾನದಲ್ಲಿ ಶೃಂಗೇರಿ ಪೀಠದಲ್ಲಿದ್ದ ವಿದ್ಯಾರಣ್ಯರು ಇದನ್ನು ಬಹಳ ಚೆನ್ನಾಗಿ ಬಿಡಿಸಿದ್ದಾರೆ. ಪಂಚದಶಿಯ 7ನೇ ಪ್ರಕರಣದಲ್ಲಿ ಹತ್ತು ಜನ ಹೊಳೆ ದಾಟಿದ ಕಥೆ ಇದೆ. ದಾಟಿ ಎಣಿಸಿದರೆ ಒಂಬತ್ತೇ. ಎಣಿಸುವವನು ತನ್ನನ್ನೇ ಎಣಿಸಿಕೊಂಡಿಲ್ಲ. ಹತ್ತನೆಯವನು ಕೊಚ್ಚಿಹೋದ ಎಂದು ಅಳುತ್ತಾರೆ. ದಾರಿಹೋಕನೊಬ್ಬ ‘ಹತ್ತನೆಯವನು ಇದ್ದಾನೆ’ ಎಂದು ಹೇಳುತ್ತಾನೆ. ಕೇಳಿ ಸ್ವಲ್ಪ ಸಮಾಧಾನ ಆಗುತ್ತದೆ. ಆಮೇಲೆ ‘ಆ ಹತ್ತನೆಯವನು ನೀನೇ’ ಎಂದು ತೋರಿಸುತ್ತಾನೆ. ವಿದ್ಯಾರಣ್ಯರು ಇದರಲ್ಲಿ ಏಳು ಹಂತ ಗುರುತಿಸುತ್ತಾರೆ. ಅಜ್ಞಾನ, ಆವರಣ (ಹತ್ತನೆಯವನು ಇಲ್ಲ ಅನಿಸುವುದು), ವಿಕ್ಷೇಪ (ಅದರಿಂದ ಬಂದ ಅಳು), ಪರೋಕ್ಷಜ್ಞಾನ (ಇದ್ದಾನೆ ಎಂದು ಕೇಳಿ ತಿಳಿಯುವುದು), ಅಪರೋಕ್ಷಜ್ಞಾನ (ಅವನು ನಾನೇ ಎಂದು ನೇರವಾಗಿ ತಿಳಿಯುವುದು), ಶೋಕ ಹೋಗುವುದು, ತೃಪ್ತಿ. ನೀವು ಈಗ ಇರುವುದು ನಾಲ್ಕನೆಯದರಲ್ಲಿ. ಬ್ರಹ್ಮ ಇದೆ ಎಂದು ನಂಬಿದ್ದೀರಿ, ಒಪ್ಪಿದ್ದೀರಿ. ಅದು ಸಣ್ಣದಲ್ಲ. ಆದರೆ ಶೋಕ ಹೋಗುವುದು ಐದನೆಯದರ ನಂತರ. ನಾಲ್ಕರಲ್ಲಿ ನಿಂತು ಆರನೆಯದು ಯಾಕೆ ಬಂದಿಲ್ಲ ಎಂದು ಕೇಳುತ್ತಿದ್ದೀರಿ.

ಅರಿವು ಬಂದ ಮೇಲೂ ಹಳೆಯ ವಾಸನೆಗಳು, ಅಂದರೆ ಮನಸ್ಸಿಗೆ ಅಂಟಿದ ಹಳೆಯ ಅಭ್ಯಾಸಗಳು, ಉಳಿಯಬಹುದು ಎನ್ನುವುದನ್ನೂ ವಿದ್ಯಾರಣ್ಯರು ಒಪ್ಪುತ್ತಾರೆ. ಜೀವನ್ಮುಕ್ತಿವಿವೇಕದಲ್ಲಿ ಅವರು ಯಾಜ್ಞವಲ್ಕ್ಯನ ಉದಾಹರಣೆಯನ್ನೇ ಎತ್ತುತ್ತಾರೆ. ಜನಕನ ಸಭೆಯಲ್ಲಿ ಸಾವಿರ ಹಸು, ಪ್ರತಿ ಹಸುವಿನ ಕೊಂಬಿಗೂ ಚಿನ್ನ. ಎಲ್ಲರಿಗಿಂತ ಹೆಚ್ಚು ಬ್ರಹ್ಮವನ್ನು ಬಲ್ಲವನು ಹೊಡೆದುಕೊಂಡು ಹೋಗಲಿ ಎಂದ ಜನಕ. ವಾದ ಶುರುವಾಗುವ ಮೊದಲೇ ಯಾಜ್ಞವಲ್ಕ್ಯ ಶಿಷ್ಯನಿಗೆ ಹಸುಗಳನ್ನು ಮನೆಗೆ ಹೊಡೆ ಎಂದುಬಿಟ್ಟ. ನೀನೇ ದೊಡ್ಡವನೋ ಎಂದು ಕೇಳಿದಾಗ, ದೊಡ್ಡ ಜ್ಞಾನಿಗೆ ನಮಸ್ಕಾರ, ನಮಗೆ ಬೇಕಾಗಿರುವುದು ಹಸುಗಳು ಎಂದ. ಆ ಸಭೆ ಮುಗಿಯುವ ಹೊತ್ತಿಗೆ ಎದುರು ವಾದಿಸಿದ ಶಾಕಲ್ಯನ ತಲೆ ಉರುಳಿತ್ತು. ಇಷ್ಟು ದೊಡ್ಡ ಋಷಿಯಲ್ಲೂ ವಿದ್ಯೆಯ ಮದ ಇತ್ತು ಎಂದು ವಿದ್ಯಾರಣ್ಯರು ಅಂಜದೆ ಬರೆಯುತ್ತಾರೆ. ಅದಕ್ಕೇ ತತ್ತ್ವಜ್ಞಾನ, ವಾಸನಾಕ್ಷಯ (ವಾಸನೆಗಳು ಸವೆಯುವುದು), ಮನೋನಾಶ (ಮನಸ್ಸಿನ ಓಟ ನಿಲ್ಲುವುದು) ಮೂರನ್ನೂ ಜೊತೆಜೊತೆಗೆ ಅಭ್ಯಾಸ ಮಾಡಬೇಕು ಎನ್ನುತ್ತಾರೆ. ನಿಮ್ಮ ಸಿಟ್ಟಿಗೆ ವಿಚಾರವೊಂದೇ ಸಾಲದು ಎಂದು ನಾನು ಹೇಳುವುದು ಇದನ್ನು ನಂಬಿಯೇ. ಯಾರ ಮೇಲೆ ಸಿಟ್ಟು ಮಾಡಿದಿರೋ ಅವರ ಹತ್ತಿರ ಹೋಗಿ ಮಾತಾಡಿ. ಮನೆಯವರ ಮಾತಿಗೆ ತಕ್ಷಣ ಎದುರು ಆಡುವ ಅಭ್ಯಾಸ ಬಿಡಿ. ಶಮ (ಮನಸ್ಸಿನ ಹಿಡಿತ), ದಮ (ಇಂದ್ರಿಯಗಳ ಹಿಡಿತ), ತಿತಿಕ್ಷೆ (ತಾಳಿಕೊಳ್ಳುವುದು) ಎಂದು ಶಂಕರರು ಶುರುವಿನಲ್ಲೇ ಕೇಳುವುದು ಇವನ್ನೇ.

ಎಲ್ಲಿಂದ ಶುರು ಮಾಡಲಿ ಎಂದಿರಿ. ಛಾಂದೋಗ್ಯದ 6ನೇ ಅಧ್ಯಾಯವನ್ನು ಶಂಕರರ ಭಾಷ್ಯದ ಕನ್ನಡ ಅನುವಾದದ ಜೊತೆ ಓದಿ. ಹೊಳೆನರಸೀಪುರದ ಅಧ್ಯಾತ್ಮ ಪ್ರಕಾಶ ಕಾರ್ಯಾಲಯ ಪ್ರಕಟಿಸಿರುವ ಅನುವಾದಗಳು ನಂಬಿ ಓದಬಹುದಾದವು. ಭಾಷ್ಯ ಭಾರ ಅನಿಸಿದ ದಿನ ಮಹಲಿಂಗರಂಗನ ಅನುಭವಾಮೃತ ತೆಗೆಯಿರಿ. ಸುಲಿದ ಬಾಳೆಹಣ್ಣಿನ ಹಾಗೆ ಸುಲಭವಾದ ಕನ್ನಡದಲ್ಲೇ ತನ್ನನ್ನು ತಾನು ತಿಳಿದುಕೊಂಡರೆ ಸಾಲದೇ, ಸಂಸ್ಕೃತವೇ ಯಾಕೆ ಎಂದು ಕೇಳಿದ ಕವಿ ಅವನು. ಭಾಮಿನಿ ಷಟ್ಪದಿ, ಬಾಯಿಬಿಟ್ಟು ಓದಿದರೆ ಇನ್ನೂ ಚೆನ್ನ. ದಿನದ ಅಭ್ಯಾಸಕ್ಕೆ ‘ನಾನ್ ಯಾರ್’ ಸಾಕು. ಕನ್ನಡದಲ್ಲೂ ಸಿಗುತ್ತದೆ, ಕೆಲವೇ ಪುಟ. ನಿಸರ್ಗದತ್ತರ ಮಾತುಗಳನ್ನು ಓದುವುದಾದರೆ ಒಂದು ದಿನಕ್ಕೆ ಒಂದೇ ಸಂಭಾಷಣೆ ಓದಿ, ಕೇಳುತ್ತಿರುವವನು ಯಾಕೆ ಹಾಗೆ ಕೇಳುತ್ತಿದ್ದಾನೆ ಎಂದು ನೋಡಿ. ಮಾಂಡೂಕ್ಯ ಕಾರಿಕೆಯನ್ನು ಸದ್ಯಕ್ಕೆ ಮುಟ್ಟಬೇಡಿ. ಪಾಠ ಹೇಳುವವರು ಸಿಕ್ಕಿದಾಗ ಅವರ ಎದುರು ಕೂತು ಮೊದಲ ಪ್ರಕರಣದಿಂದ ಶುರು ಮಾಡಿ.